ಸೋತ ಹೃದಯಕ್ಕೆ ಅಬ್ಲೇಷನ್ನಾ, ಮಾತ್ರೆಯಾ?

ಹೃದಯದ ಸ್ಕ್ಯಾನ್ ಆದ ಎಕೋ ರಿಪೋರ್ಟ್‌ನಲ್ಲಿ 'ಇಎಫ್' ಅಂತ ಒಂದು ಸಾಲು ಇರುತ್ತದೆ. ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರತಳ್ಳುತ್ತದೆ ಅನ್ನುವ ಲೆಕ್ಕ ಅದು. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುವ ತೊಂದರೆ, ಇರುವವರ ರಿಪೋರ್ಟ್‌ನಲ್ಲಿ ಅದು 30 ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ಮಾತ್ರೆಯಿಂದ ಬಡಿತದ ವೇಗ ಹತೋಟಿಗೆ ಬರುತ್ತದೆ, ಆದರೆ ತಾಳ ತಪ್ಪಿಯೇ ಇರಬಹುದು. ಅಬ್ಲೇಷನ್‌ನಲ್ಲಿ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ತಾಳ ಕೆಡಿಸುವ ಜಾಗದ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ.

ಹೃದಯದ ಬಲದ ವಿಷಯದಲ್ಲಿ ಅಬ್ಲೇಷನ್ ಮುಂದಿದೆ. 2017ರ ಕ್ಯಾಮೆರಾ-ಎಂಆರ್‌ಐ ಅಧ್ಯಯನದಲ್ಲಿ, ಹೃದಯ ಸೋಲಲು (ಹಾರ್ಟ್ ಫೇಲ್ಯೂರ್) ಬೇರೆ ಕಾರಣ ಕಾಣದವರಿಗೆ ಅಬ್ಲೇಷನ್ ಆದ ಆರು ತಿಂಗಳಲ್ಲಿ ಇಎಫ್ ಸರಾಸರಿ 18 ಅಂಕ ಏರಿತು. ಮಾತ್ರೆಯವರಿಗೆ ಏರಿದ್ದು 4.4 ಮಾತ್ರ. ಎಂಆರ್‌ಐಯಲ್ಲಿ ಹೃದಯದ ಸ್ನಾಯುವಿನ ಮೇಲೆ ಗಾಯದ ಕಲೆ ಇಲ್ಲದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. 2018ರ ಕ್ಯಾಸಲ್-ಎಎಫ್ ಅಧ್ಯಯನದಲ್ಲಿ ಸಾವು ಅಥವಾ ಹೃದಯ ಸೋತು ಆಸ್ಪತ್ರೆ ಸೇರಿದ್ದು ಅಬ್ಲೇಷನ್ ಆದವರಲ್ಲಿ 28.5%, ಮಾತ್ರೆಯವರಲ್ಲಿ 44.6%.

ಹಾಗಂತ ಸುಮ್ನೆ ಎಲ್ಲರಿಗೂ ಅಬ್ಲೇಷನ್ ಬೇಡ. ರಕ್ತಸ್ರಾವ, ಹೃದಯದ ಸುತ್ತ ರಕ್ತ ತುಂಬುವುದು, ಅಪರೂಪಕ್ಕೆ ಪಾರ್ಶ್ವವಾಯು: ಈ ಅಪಾಯಗಳಿವೆ. ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತದೆ. ಮೊದಲ ಎರಡು ಮೂರು ತಿಂಗಳು ಬಡಿತ ಏರುಪೇರಾದರೆ ಸೋತೆವು ಅಂತ ಅಂದುಕೊಳ್ಳಬೇಡಿ, ಗಾಯ ಮಾಯುವ ಕಾಲ ಅದು. ರಕ್ತ ತೆಳು ಮಾಡುವ ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಲೇಬೇಡಿ.

ಇಎಫ್ ಕಡಿಮೆಯಿದ್ದು ಬೇರೆ ಕಾರಣ ಸಿಗದಿದ್ದರೆ, ಅಬ್ಲೇಷನ್ ಬಗ್ಗೆ ಡಾಕ್ಟರ ಹತ್ತಿರ ಬೇಗ ಕೇಳಿ. ಹಳೆಯ ಎಕೋ ರಿಪೋರ್ಟ್‌ಗಳನ್ನೂ ಜೊತೆಗೆ ಒಯ್ಯಿರಿ.