ನಾಗಾದ ನದಿಯೋ, ಕೆಸೋನ್ ಸಿಟಿಯ ಬೀದಿಯೋ?

ಫಿಲಿಪೀನ್ಸ್‌ನಲ್ಲಿ ಯೇಸುವಿನ ತಾಯಿ ಮೇರಿಯ ಒಂದೇ ಉತ್ಸವ ನೋಡಲು ಸಾಧ್ಯವೆನ್ನುವವರು ಸೆಪ್ಟೆಂಬರಿನ ಪೆನ್ಯಾಫ್ರಾನ್ಸಿಯಾ ಮತ್ತು ಅಕ್ಟೋಬರಿನ ಲಾ ನವಾಲ್, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಮೊದಲನೆಯದು ಬಿಕೋಲ್ ಪ್ರಾಂತದ ನಾಗಾ ನಗರದ್ದು. ಒಂಬತ್ತು ದಿನಗಳ ಪ್ರಾರ್ಥನೆ ಮುಗಿದ ಮೇಲೆ ವೊಯಾದೋರೆಸ್ ಎಂಬ ಬರಿಗಾಲಿನ ಗಂಡಸರು, ಭುಜಕ್ಕೆ ಭುಜ ಒತ್ತಿ, ಬೆವರಿನಲ್ಲಿ ತೋಯ್ದು, ಮೂರ್ತಿಯನ್ನು ನದಿಗೆ ತರುತ್ತಾರೆ. ಅಲ್ಲಿಂದ ಅದು ಅಲಂಕೃತ ತೆಪ್ಪದಲ್ಲಿ ಬಸಿಲಿಕಾ ಎಂಬ ದೊಡ್ಡ ಚರ್ಚಿಗೆ ಮರಳುವಾಗ ದಡದಲ್ಲಿ ಮೇಣದಬತ್ತಿಗಳು ಉರಿಯುತ್ತಿರುತ್ತವೆ. ನಮ್ಮ ತೆಪ್ಪೋತ್ಸವ ಕಂಡವರಿಗೆ ಇದು ಅಪರಿಚಿತವೆನಿಸದು. ಆದರೆ ನೂಕುನುಗ್ಗಲು ಸಣ್ಣದಲ್ಲ: 1972ರಲ್ಲಿ ಇದೇ ಮೆರವಣಿಗೆಯ ವೇಳೆ ಜನಭಾರಕ್ಕೆ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು.

ಮನಿಲಾಕ್ಕೆ ಹೊಂದಿಕೊಂಡ ಕೆಸೋನ್ ಸಿಟಿಯ ಸಾಂತೋ ದೊಮಿಂಗೊ ಚರ್ಚಿನಿಂದ ಹೊರಡುವ ಲಾ ನವಾಲ್, 1646ರಲ್ಲಿ ಡಚ್ಚರ ನೌಕೆಗಳ ವಿರುದ್ಧ ಸ್ಪೇನಿನವರಿಗೆ ಸಂದ ಗೆಲುವಿನ ಸ್ಮರಣೆ. ದಂತದ ಮುಖದ ಮಾತೆಯ ಮುಂದೆ ಸಂತರ ರಥಗಳು ಸಾಲಾಗಿ, ನಿಧಾನವಾಗಿ ಸಾಗುತ್ತವೆ. ವೃದ್ಧರನ್ನೋ ಮಕ್ಕಳನ್ನೋ ಕರೆದೊಯ್ಯುವವರಿಗೆ ಇದೇ ವಾಸಿ. ಒಬ್ಬರೇ ಹೋಗುವುದಾದರೆ, ಮನಿಲಾದಿಂದ ದೂರವಾದರೂ, ನಾನು ನಾಗಾವನ್ನೇ ಸೂಚಿಸುತ್ತೇನೆ.