ವಾಲ್ವ್ ಆಂಪ್ಲಿಫೈಯರ್: ಹಳೆಯ ಟ್ರಾನ್ಸ್‌ಫಾರ್ಮರ್ ಸಾಕೆ, ಹೊಸದು ಸುತ್ತಿಸಬೇಕೆ?

ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡ ಅಮೆರಿಕದ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರಿನಲ್ಲಿ ತುಕ್ಕು ತಿನ್ನದೆ ಬಿಟ್ಟದ್ದು ಪವರ್ (ಮನೆಯ ವಿದ್ಯುತ್ತನ್ನು ಬೇಕಾದ ವೋಲ್ಟೇಜಿಗೆ ತರುವ) ಮತ್ತು ಔಟ್‌ಪುಟ್ (ವಾಲ್ವ್‌ಗಳನ್ನು ಸ್ಪೀಕರಿಗೆ ಹೊಂದಿಸುವ) ಟ್ರಾನ್ಸ್‌ಫಾರ್ಮರ್‌ಗಳನ್ನು ಮಾತ್ರ. ಎರಡು ಇಎಲ್84 ವಾಲ್ವ್‌ಗಳು ಸರದಿಯಂತೆ ದುಡಿಯುವ ಹೊಸ ಪುಶ್-ಪುಲ್ ಆಂಪ್ಲಿಫೈಯರಿಗೆ ಇವನ್ನೇ ಹಾಕಿ ನೋಡಿದೆ. ಲ್ಯಾಮಿಂಗ್ಟನ್ ರಸ್ತೆಯ ಬಳಿ ಸುತ್ತಿಸಿದ ಹೊಸ ಜೋಡಿಯನ್ನೂ ಹಾಕಿ ನೋಡಿದೆ.

ಪವರ್ ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ಚರ್ಚೆಯೇ ಬೇಡ, ಹೊಸದೇ ಸರಿ. ಹಳೆಯದು 117 ವೋಲ್ಟ್, 60 ಹರ್ಟ್ಸ್‌ನದು. ಸ್ಟೆಪ್‌ಡೌನ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ನಮ್ಮ 50 ಹರ್ಟ್ಸ್ ಹಾಗೆಯೇ ಉಳಿಯುತ್ತದೆ. ಹರ್ಟ್ಸ್ ಕಡಿಮೆಯಾದ್ದರಿಂದ ಕಬ್ಬಿಣದ ತಿರುಳು ಶೇ 20ರಷ್ಟು ಹೆಚ್ಚು ಕಾಂತೀಯ ಹೊರೆ ಹೊರಬೇಕಾಗುತ್ತದೆ. ಗುಂಯ್‌ಗುಟ್ಟುತ್ತಾ ಕೈ ಇಡಲಾಗದಷ್ಟು ಕಾಯಿತು. ಅದರ 325-0-325 ವೋಲ್ಟನ್ನು (ನಡುತಂತಿಯ ಎರಡೂ ಕಡೆ 325) ಎಸಿಯನ್ನು ಡಿಸಿ ಮಾಡುವ ಸಿಲಿಕಾನ್ ಡಯೋಡಿಗೆ ಕೊಟ್ಟರೆ ಭಾರವಿಲ್ಲದಾಗ 460 ವೋಲ್ಟ್ ಬರುತ್ತದೆ, ಇಎಲ್84ರ ಪ್ಲೇಟಿನ (ವಾಲ್ವಿನ ಧನ ತುದಿಯ) ಮಿತಿ 300. ಹೊಸದನ್ನು 220-0-220ಕ್ಕೆ ಸುತ್ತಿಸಿದೆ; ತಣ್ಣಗಿದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಥೆ ತಿರುಗುಮುರುಗು. ಮನೆಯ ವಿದ್ಯುತ್ತಿನ ಹರ್ಟ್ಸ್ ಕಟ್ಟಿಕೊಂಡು ಅದಕ್ಕೇನಾಗಬೇಕು? ಅಳೆಯುವುದೂ ಸುಲಭ: ಬಿಚ್ಚಿ ಹೊರಗಿಟ್ಟು, ಸ್ಪೀಕರ್ ಕಡೆಗೆ 1 ವೋಲ್ಟ್ ಎಸಿ ಕೊಟ್ಟೆ, ಪ್ಲೇಟ್ ಕಡೆ 32 ಬಂತು. 32ರ ವರ್ಗ 1024, ಅದನ್ನು 8 ಓಮ್ ಸ್ಪೀಕರಿನಿಂದ ಗುಣಿಸಿದರೆ ವಾಲ್ವ್‌ಗಳಿಗೆ ಕಾಣುವ ಹೊರೆ ಸುಮಾರು 8 ಕಿಲೋಓಮ್. ಇಎಲ್84 ಜೋಡಿ ಕೇಳುವುದೂ ಅಷ್ಟೇ. ಮುಂಬಯಿಯ ಮಳೆಗಾಲದ ತೇವ ಹಳೆಯ ಕಾಗದದ ನಿರೋಧನಕ್ಕೆ ಶತ್ರು, ಆದ್ದರಿಂದ ಮೊದಲು ಮೆಗ್ಗರ್ (ನಿರೋಧನ ಅಳೆಯುವ ಉಪಕರಣ) ಹಚ್ಚಿಯೇ ನಂಬಿದೆ.

ಹೊಸ ಔಟ್‌ಪುಟ್ಟಿನ ಲೆಕ್ಕವೂ 8 ಕಿಲೋಓಮೇ. ಆದರೂ ಡೊಂಬಿವಲಿಯಿಂದ ಬಂದಿದ್ದ ಭಾವ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಕೇಳಿ, "ತಂಬೂರಿ ಎಲ್ಲಿ ಹೋಯಿತು?" ಎಂದರು. ಹಳೆಯದರಲ್ಲಿ ಪ್ರೈಮರಿ (ವಾಲ್ವ್ ಕಡೆಯ ಸುತ್ತು), ಸೆಕೆಂಡರಿ (ಸ್ಪೀಕರ್ ಕಡೆಯ ಸುತ್ತು) ಪದರಗಳನ್ನು ಒಂದರ ನಡುವೆ ಒಂದು ಸೇರಿಸಿ ಸುತ್ತಿರುತ್ತಾರೆ. ಹೊಸದರಲ್ಲಿ ಪ್ರೈಮರಿ ಪೂರ್ತಿ ಮುಗಿದ ಮೇಲೆ ಸೆಕೆಂಡರಿ. ಒಂದು ಸುತ್ತಿನ ಕಾಂತಕ್ಷೇತ್ರ ಇನ್ನೊಂದಕ್ಕೆ ಪೂರ್ತಿ ತಲುಪದೆ ಸೋರಿಕೆ ಇಂಡಕ್ಟೆನ್ಸ್ ಹೆಚ್ಚಿ ಮೇಲಿನ ಸ್ವರಗಳು ಮಂಕಾಗುತ್ತವೆ.

ಈಗ ಹೊಸ ಪವರ್, ಹಳೆಯ ಔಟ್‌ಪುಟ್ ಇಟ್ಟುಕೊಂಡಿದ್ದೇನೆ. ಹಳೆಯದು ಸಿಗದವರು ಔಟ್‌ಪುಟ್ ಸುತ್ತಿಸುವಾಗ ಸುತ್ತಿನ ಸಂಖ್ಯೆಯಷ್ಟೇ ಹೇಳಿ ಬರಬಾರದು. ಪದರಗಳ ಚಿತ್ರ ಬರೆದುಕೊಡಬೇಕು. ಪುಶ್-ಪುಲ್ ಟ್ರಾನ್ಸ್‌ಫಾರ್ಮರನ್ನು ಒಂಟಿ ವಾಲ್ವಿನ ಆಂಪ್ಲಿಫೈಯರಿಗೆ ಹಾಕುವ ಆಸೆಯೂ ಬೇಡ. ತಿರುಳಿನಲ್ಲಿ ಗಾಳಿಯ ಸಂದಿಲ್ಲದೆ ಡಿಸಿ ಹರಿದರೆ ತಿರುಳು ಬೇಗ ಕಾಂತೀಯವಾಗಿ ತುಂಬಿಹೋಗಿ, ತಗ್ಗಿನ ಸ್ವರಗಳು ಕೆಡುತ್ತವೆ.