ಎಐ ಮೇಷ್ಟ್ರನ್ನು ಹುಡುಕಿಕೊಡುವ ಏಜೆನ್ಸಿ: ಕೊಟ್ಟ ದುಡ್ಡಿಗೆ ಏನು ಬರುತ್ತೆ, ಏನು ಬರಲ್ಲ

ಮೈಸೂರು, ಮಂಡ್ಯದ ಕಾಲೇಜುಗಳಿಗೆ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್) ವಿಭಾಗದ ಬೋರ್ಡು ಹಾಕುವುದು ಕಷ್ಟವಾಗಲಿಲ್ಲ. ಆ ಬೋರ್ಡಿನ ಕೆಳಗೆ ನಿಂತು ಪಾಠ ಮಾಡುವವರನ್ನು ತರುವುದು ಕಷ್ಟವಾಗಿದೆ. ಈ ಸಂದಿಯಲ್ಲೇ ಫ್ಯಾಕಲ್ಟಿ ಹುಡುಕಿಕೊಡುವ ಕನ್ಸಲ್ಟೆನ್ಸಿಗಳು ಬೆಳೆದಿವೆ. ಹೆಸರು ಬೇಡ, ಪ್ಯಾಕೇಜು ಹೆಚ್ಚುಕಡಿಮೆ ಎಲ್ಲರದೂ ಒಂದೇ: ಬಯೋಡೇಟಾ ತರುವುದು, ಜರಡಿ ಹಿಡಿದು ಪಟ್ಟಿ ಮಾಡುವುದು, ಡೆಮೊ ಕ್ಲಾಸ್ ಮತ್ತು ಸಂದರ್ಶನದ ದಿನ ಗೊತ್ತುಮಾಡುವುದು, ಕಾಗದಪತ್ರ ನೋಡಿ ಕೆಲಸಕ್ಕೆ ಸೇರಿಸುವುದು. ಈ ವಿಮರ್ಶೆ ಆ ಪ್ಯಾಕೇಜಿನದು.

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಡುಕಾಟಕ್ಕೆ ಐದಕ್ಕೆ ನಾಲ್ಕು. ಜರಡಿ ಹಿಡಿಯುವುದಕ್ಕೆ ಒಂದೂವರೆ. ಡೆಮೊ ವ್ಯವಸ್ಥೆಗೆ ಎರಡು. ಕಾಗದಪತ್ರಕ್ಕೂ ಎರಡು. ಹುಡುಕಾಟಕ್ಕೆ ಮಾತ್ರ ದುಡ್ಡು ಕೊಟ್ಟು ಉಳಿದದ್ದನ್ನು ವಿಭಾಗವೇ ಮಾಡಿಕೊಳ್ಳುವುದು ಜಾಣತನ. ಅಂದಹಾಗೆ, ಸರ್ಕಾರಿ ವಿಶ್ವವಿದ್ಯಾಲಯದ ಕಾಯಂ ಹುದ್ದೆಗೆ ಈ ದಾರಿಯೇ ಇಲ್ಲ. ಅಲ್ಲಿ ಅಧಿಸೂಚನೆ, ಮೀಸಲಾತಿ ರೋಸ್ಟರ್, ಆಯ್ಕೆ ಸಮಿತಿ ಇದ್ದೇ ಆಗಬೇಕು. ಇಲ್ಲಿ ಹೇಳುವುದು ಖಾಸಗಿ ಕಾಲೇಜು ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಮಾತು.

ಶುಲ್ಕ ಸಾಮಾನ್ಯವಾಗಿ ವಾರ್ಷಿಕ ವೇತನದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಅದರ ಮೇಲೆ ಶೇ 18 ಜಿಎಸ್‌ಟಿ. ಏಳನೇ ವೇತನ ಆಯೋಗದ ಲೆವೆಲ್ 10ರಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ಬರೀ ಮೂಲವೇತನಕ್ಕೆ ಲೆಕ್ಕ ಹಾಕಿದರೂ ತೆರಿಗೆ ಸೇರಿ 68,086 ರೂಪಾಯಿ ಆಗುತ್ತದೆ. ಜಗಳ ಹುಟ್ಟುವುದು 'ವಾರ್ಷಿಕ ವೇತನ' ಎಂಬ ಎರಡು ಪದದಿಂದ. ಕಾಲೇಜಿನ ಅಕೌಂಟ್ಸ್ ಸೆಕ್ಷನ್ ಅದನ್ನು ಬೇಸಿಕ್ ಎಂದುಕೊಂಡಿರುತ್ತದೆ, ಏಜೆನ್ಸಿಯ ಬಿಲ್ಲಿನಲ್ಲಿ ಅದು ಡಿಎ, ಎಚ್‌ಆರ್‌ಎ, ಪಿಎಫ್‌ನ ಕಾಲೇಜು ಪಾಲು ಎಲ್ಲ ಕೂಡಿಸಿದ ಮೊತ್ತ. ಒಪ್ಪಂದದಲ್ಲಿ ಯಾವುದರ ಮೇಲೆ ಶೇಕಡಾ ಎಂದು ಬಿಡಿಸಿ ಬರೆಸದೆ ಸಹಿ ಹಾಕಬಾರದು.

ಏಜೆನ್ಸಿ ಬೇಕೇ ಬೇಕು ಅನ್ನಿಸುವುದು ಎಲ್ಲಿ? ಒಂದು ಲೆಕ್ಕ ನೋಡಿ. 120 ಸೀಟಿನ ವಿಭಾಗದಲ್ಲಿ 2, 3, 4ನೇ ವರ್ಷ ಸೇರಿ 360 ವಿದ್ಯಾರ್ಥಿಗಳು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 1:20 ಅನುಪಾತದಲ್ಲಿ (20 ವಿದ್ಯಾರ್ಥಿಗೆ ಒಬ್ಬ ಬೋಧಕ) 18 ಮಂದಿ ಬೇಕು. 1:2:6 ಶ್ರೇಣಿ ಲೆಕ್ಕದಲ್ಲಿ ಅವರಲ್ಲಿ 2 ಪ್ರೊಫೆಸರ್, 4 ಅಸೋಸಿಯೇಟ್, 12 ಅಸಿಸ್ಟೆಂಟ್. ಅಸಿಸ್ಟೆಂಟ್ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಬಯೋಡೇಟಾ ರಾಶಿ ಬೀಳುತ್ತದೆ, ಅದಕ್ಕೆ ಏಜೆನ್ಸಿ ಬೇಡ. ಸಿಗದಿರುವುದು ಆ ಆರು ಮಂದಿ. ಅಸೋಸಿಯೇಟ್ ಆಗಲು ಪಿಎಚ್‌.ಡಿ., 8 ವರ್ಷದ ಅನುಭವ, ಅದರಲ್ಲಿ 2 ವರ್ಷ ಪಿಎಚ್‌.ಡಿ. ನಂತರದ್ದು, ಜೊತೆಗೆ 6 ಪ್ರಬಂಧ. ಇಷ್ಟೆಲ್ಲ ಇದ್ದು ಎಂಎಲ್‌ನಲ್ಲೇ ಕೆಲಸ ಮಾಡಿದವರು ಪೇಪರಿನ ಜಾಹೀರಾತು ಓದುತ್ತಾ ಕೂತಿರುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ, ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ-ಅಮ್ಮ, ಊರಿಗೆ ಬಂದುಬಿಡೋಣ ಅನ್ನುವ ಯೋಚನೆಯಲ್ಲಿರುವವರು ಒಂದಷ್ಟು ಜನ ಸದಾ ಇರುತ್ತಾರೆ. ಅಂಥವರ ಫೋನ್ ನಂಬರ್ ಇರುವುದು ಏಜೆನ್ಸಿ ಬಳಿಯೇ. ನಾಲ್ಕು ಅಂಕ ಅದಕ್ಕೆ.

ಈಗ ಜರಡಿಯ ವಿಚಾರ. ದುಡ್ಡು ಸೋರುವುದು ಇಲ್ಲಿ.

ಏಜೆನ್ಸಿಯವರು ಪಟ್ಟಿ ಮಾಡುವುದು ಸಾಮಾನ್ಯವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ವಿಶ್ವವಿದ್ಯಾಲಯಗಳಿಗಿರುವ ಅಂಕ ಕೋಷ್ಟಕ ಇಟ್ಟುಕೊಂಡು. ಪದವಿಗೆ ಗರಿಷ್ಠ 15, ಸ್ನಾತಕೋತ್ತರಕ್ಕೆ 25, ಪಿಎಚ್‌.ಡಿ.ಗೆ 30, ಜರ್ನಲ್ ಪ್ರಬಂಧ ಒಂದಕ್ಕೆ 2ರಂತೆ ಗರಿಷ್ಠ 10, ಬೋಧನೆ ಅಥವಾ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ಸಂಶೋಧನೆ) ವರ್ಷವೊಂದಕ್ಕೆ 2ರಂತೆ ಗರಿಷ್ಠ 10. ಪ್ರಬಂಧಕ್ಕೆ ಅಂಕ ಸಿಗುವುದು ಪಿಯರ್ ರಿವ್ಯೂ (ಅದೇ ವಿಷಯದ ತಜ್ಞರ ಪರಿಶೀಲನೆ) ಆಗುವ ಅಥವಾ ಯುಜಿಸಿ ಪಟ್ಟಿಯ ಜರ್ನಲ್‌ಗೆ ಮಾತ್ರ; ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ. ಮಿಕ್ಕ ಶಾಖೆಗಳಿಗೆ ಇದು ಹೇಗೋ ನಡೆಯುತ್ತದೆ. ಮಷಿನ್ ಲರ್ನಿಂಗ್‌ನಲ್ಲಿ ದೊಡ್ಡ ಕೆಲಸಗಳು ಮೊದಲು ಬರುವುದು ಸಮ್ಮೇಳನಗಳಲ್ಲಿ: ನ್ಯೂರಿಪ್ಸ್, ಐಸಿಎಂಎಲ್, ಐಸಿಎಲ್‌ಆರ್, ಸಿವಿಪಿಆರ್, ಎಸಿಎಲ್. ಕೋಷ್ಟಕದಲ್ಲಿ ಅವುಗಳ ಬೆಲೆ ಸೊನ್ನೆ.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಬಿ.ಇ.ಯಲ್ಲಿ ಶೇ 72, ಎಂ.ಟೆಕ್‌ನಲ್ಲಿ ಶೇ 78, ಪಿಎಚ್‌.ಡಿ., ಯಾರೂ ಓದದ ಐದು ಜರ್ನಲ್ ಪ್ರಬಂಧ, ಐದು ವರ್ಷ ಬೋಧನೆ. 13, 23, 30, 10, 10 ಕೂಡಿದರೆ 86. ಇನ್ನೊಬ್ಬರಿಗೆ ಶೇ 84, ಶೇ 82, ಪಿಎಚ್‌.ಡಿ., ಐಸಿಎಂಎಲ್‌ನಲ್ಲಿ ಎರಡು ಪ್ರಬಂಧ, ಒಂದು ವರ್ಷ ಪೋಸ್ಟ್‌ಡಾಕ್. 15, 25, 30, 0, 2 ಕೂಡಿದರೆ 72. ಪಟ್ಟಿಯ ಗೆರೆ 75ಕ್ಕೆ ಎಳೆದರೆ ಎರಡನೆಯವರು ಸಂದರ್ಶನದ ಕೋಣೆಯ ಬಾಗಿಲನ್ನೂ ನೋಡುವುದಿಲ್ಲ. ಕಬ್ಬನ್ನು ಲಾರಿ ತೂಕಕ್ಕೆ ಕೊಂಡು ಸಕ್ಕರೆ ಇಳುವರಿ ಕೇಳದಿದ್ದರೆ ಹೇಗೋ ಇದೂ ಹಾಗೆ. ಆ ಕೋಷ್ಟಕ ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ, ಆಯ್ಕೆ ನಡೆಯಬೇಕಾದ್ದು ಸಂದರ್ಶನದ ಮೇಲೆ ಅಂತ ಅದೇ ನಿಯಮದಲ್ಲಿದೆ. ಏಜೆನ್ಸಿ ಪಟ್ಟಿಯಲ್ಲಿ ಮಾತ್ರ 'ರ್‍ಯಾಂಕ್ 1, ರ್‍ಯಾಂಕ್ 2' ಎಂದು ಅಚ್ಚಾಗಿ ಬರುತ್ತದೆ, ಮ್ಯಾನೇಜ್‌ಮೆಂಟಿನವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಪರಿಹಾರ ಕಷ್ಟದ್ದಲ್ಲ. ಜರಡಿ ಹಿಡಿದ ಪಟ್ಟಿ ಬೇಡ, ಬಂದ ಬಯೋಡೇಟಾ ಅಷ್ಟೂ ಕಳಿಸಿ ಎಂದು ಬರೆದು ಕೇಳಬೇಕು. ಕನಿಷ್ಠ ಅರ್ಹತೆ ಮಾತ್ರ ಅವರು ನೋಡಲಿ. ಅದರಲ್ಲೂ ಎಡವುತ್ತಾರೆ ಅನ್ನುವುದು ಬೇರೆ ಮಾತು. ಎಂಜಿನಿಯರಿಂಗ್ ವಿಭಾಗದ ಅಸಿಸ್ಟೆಂಟ್ ಹುದ್ದೆಗೆ ಎಐಸಿಟಿಇ 2019ರ ನಿಯಮದ ಪ್ರಕಾರ ಸಂಬಂಧಿತ ಶಾಖೆಯ ಬಿ.ಇ. ಮತ್ತು ಎಂ.ಟೆಕ್ ಬೇಕು, ಎರಡರಲ್ಲೊಂದು ಪ್ರಥಮ ದರ್ಜೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ., ಪಿಎಚ್‌.ಡಿ. ಮಾಡಿ ಎಂಎಲ್ ಗಣಿತವನ್ನು ನೀರು ಕುಡಿದಂತೆ ಹೇಳಿಕೊಡಬಲ್ಲವರು ಸಿಕ್ಕಬಹುದು. ಅವರನ್ನು ಗಣಿತ ವಿಭಾಗಕ್ಕೆ ತೆಗೆದುಕೊಂಡು ಪಾಠ ಹಂಚಿಕೊಳ್ಳಬಹುದೇ ಹೊರತು ಎಐ ವಿಭಾಗದ ಲೆಕ್ಕಕ್ಕೆ ತೋರಿಸಿದರೆ ತಪಾಸಣೆಯ ದಿನ ಪೇಚಾಟ.

ಪ್ರಬಂಧಗಳನ್ನು ಎಣಿಸುವ ಬದಲು ಬಯೋಡೇಟಾ ಒಂದಕ್ಕೆ ಹತ್ತು ನಿಮಿಷ ಕೊಟ್ಟು ನೋಡಿದರೆ ಸಾಕು. ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳ ಆನ್‌ಲೈನ್ ಸೂಚಿ ಡಿಬಿಎಲ್‌ಪಿಯಲ್ಲಿ ಹೆಸರು ಹಾಕಿ ಎಲ್ಲೆಲ್ಲಿ ಬಂದಿದೆ ನೋಡಬೇಕು. ಪ್ರತಿ ಪ್ರಬಂಧದ ಡಿಒಐ ಎಂಬ ಗುರುತಿನ ಸಂಖ್ಯೆಯನ್ನು, ಹಿಂಪಡೆದ ಲೇಖನಗಳ ಲೆಕ್ಕವಿಡುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶದಲ್ಲಿ ಹುಡುಕಬೇಕು. 2023ರಲ್ಲಿ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ ಸಾವಿರಾರು ಲೇಖನ ಹಿಂಪಡೆದರು, ಡೀಪ್ ಲರ್ನಿಂಗ್ ಹೆಸರಿನವೂ ಅದರಲ್ಲಿ ಬಹಳ. ಬಯೋಡೇಟಾದಲ್ಲಿ ಅವು ಇನ್ನೂ 'ಸ್ಕೋಪಸ್ ಇಂಡೆಕ್ಸ್ಡ್' (ಸ್ಕೋಪಸ್ ಎಂಬ ಪ್ರಬಂಧ ಸೂಚಿಯಲ್ಲಿದೆ) ಎಂದು ಎದೆ ಸೆಟೆಸಿ ನಿಂತಿರುತ್ತವೆ. ಒಂದೇ ವರ್ಷದಲ್ಲಿ ಹದಿನೈದು ಪ್ರಬಂಧ, ಬೆಳೆ ರೋಗದಿಂದ ಹಿಡಿದು ಸೈಬರ್ ಭದ್ರತೆಯವರೆಗೆ ವಿಷಯ, ಪ್ರತಿಯೊಂದಕ್ಕೂ ಏಳೆಂಟು ಲೇಖಕರು ಅಂತಿದ್ದರೆ, ಅದರಲ್ಲಿ ಒಂದನ್ನು ತೆಗೆದು 'ಇದರ ಬೇಸ್‌ಲೈನ್, ಅಂದರೆ ಹೋಲಿಕೆಗೆ ಇಟ್ಟುಕೊಂಡ ವಿಧಾನ ಯಾವುದು, ಯಾಕೆ ಅದನ್ನೇ ತೆಗೆದುಕೊಂಡಿರಿ' ಎಂದು ಕೇಳಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ.

ಡೆಮೊ ಕ್ಲಾಸ್‌ನಲ್ಲಿ ಏಜೆನ್ಸಿಯ ಪದ್ಧತಿ ಅಭ್ಯರ್ಥಿಗೆ ಅನುಕೂಲ, ಕಾಲೇಜಿಗೆ ಅಲ್ಲ. ವಿಷಯ ಅಭ್ಯರ್ಥಿಯದೇ, ಪಿಪಿಟಿಯೂ ಅವರದೇ. ಹತ್ತು ಜನ ಬಂದರೆ ಹತ್ತೂ 'ಇಂಟ್ರೊಡಕ್ಷನ್ ಟು ಮಷಿನ್ ಲರ್ನಿಂಗ್', ಅದೇ ನಾಯಿ-ಬೆಕ್ಕಿನ ಚಿತ್ರ. ಇದನ್ನು ಒಪ್ಪಬೇಡಿ. ವಿಷಯ ವಿಭಾಗವೇ ಕೊಡಲಿ, ಹಿಂದಿನ ಸಂಜೆ ತಿಳಿಸಿದರೆ ಸಾಕು. 20 ನಿಮಿಷ, ಬೋರ್ಡು, ಸೀಮೆಸುಣ್ಣ. ಎದುರಿಗೆ ಪ್ರಿನ್ಸಿಪಾಲ್, ಎಚ್‌ಒಡಿ ಮಾತ್ರ ಅಲ್ಲ, ಐದನೇ ಸೆಮಿಸ್ಟರ್‌ನ ಹತ್ತು ಹುಡುಗ-ಹುಡುಗಿಯರೂ ಇರಬೇಕು.

ಒಂದು ಒಳ್ಳೆಯ ಪ್ರಶ್ನೆ ಹೀಗೆ: ಲಾಸ್ (ಮಾಡೆಲ್ ಎಷ್ಟು ತಪ್ಪಿತು ಎಂಬ ಅಳತೆ) ಅಂದರೆ ತೂಕದಿಂದ (ಮಾಡೆಲ್ ಕಲಿಯುತ್ತಾ ಬದಲಿಸುವ ಸಂಖ್ಯೆ) 5 ಕಳೆದು ವರ್ಗ ಮಾಡಿದ್ದು. ತೂಕ ಈಗ 2. ಲರ್ನಿಂಗ್ ರೇಟ್, ಅಂದರೆ ಹೆಜ್ಜೆ ಎಷ್ಟು ದೊಡ್ಡದು ಎಂಬುದು, 0.1. ಲಾಸ್ ಇಳಿಯುವ ಕಡೆಗೆ ತೂಕ ಸರಿಸುವ ಗ್ರೇಡಿಯಂಟ್ ಡಿಸೆಂಟ್‌ನ ಒಂದು ಹೆಜ್ಜೆ ಬೋರ್ಡಿನ ಮೇಲೆ ಹಾಕಿ. ಗ್ರೇಡಿಯಂಟ್ (ಲಾಸ್‌ನ ಇಳಿಜಾರು) ಮೈನಸ್ 6, ಹೊಸ ತೂಕ 2.6. ಇಷ್ಟನ್ನು ಯಾರಾದರೂ ಮಾಡಿಯಾರು. ಆಮೇಲೆ ಕೇಳಬೇಕಾದ್ದು: ಲರ್ನಿಂಗ್ ರೇಟ್ 1 ಆದರೆ? ತೂಕ 8ಕ್ಕೆ ಹಾರುತ್ತದೆ, ಅಲ್ಲಿಂದ ತಿರುಗಿ 2ಕ್ಕೆ ಬರುತ್ತದೆ, ಮತ್ತೆ 8, ಮತ್ತೆ 2, ಉಯ್ಯಾಲೆ ತೂಗಿದ ಹಾಗೆ. 1.1 ಆದರೆ ಪ್ರತಿ ಹೆಜ್ಜೆಗೂ 5ರಿಂದ ದೂರ ದೂರ. ಇದನ್ನು ಬರೆಯುತ್ತಲೇ ಕಂಡುಕೊಂಡು, ಹಿಂದಿನ ಬೆಂಚಿನವರಿಗೂ ಕಾಣುವಂತೆ ಚಿತ್ರ ಬಿಡಿಸಿ ತೋರಿಸುವವರು ಸಿಕ್ಕರೆ ಅವರ ಪ್ರಬಂಧ ಎಣಿಸುತ್ತಾ ಕೂರಬೇಡಿ.

ಎರಡನೇ ಪರೀಕ್ಷೆ ಲ್ಯಾಬಿನಲ್ಲಿ, 45 ನಿಮಿಷ. ಏಜೆನ್ಸಿಯ ಪ್ಯಾಕೇಜಿನಲ್ಲಿ ಇದು ಇರುವುದೇ ಇಲ್ಲ, ವಿಭಾಗವೇ ಸಿದ್ಧಮಾಡಬೇಕು. 1,000 ಸಾಲಿನ ಒಂದು ಸಿಎಸ್‌ವಿ (ಅಂಕಿಅಂಶದ ಕಡತ), ಅದರಲ್ಲಿ ಕಾಯಿಲೆ ಇರುವವರು 50. ಜೊತೆಗೆ ಬೇಕೆಂದೇ ತಪ್ಪಿಟ್ಟು ಬರೆದ ನೋಟ್‌ಬುಕ್ (ಕೋಡ್ ಕಡತ): ಒಂದಷ್ಟು ಸಾಲು ಎರಡೆರಡು ಸಲ, ಕಲಿಕೆಗೆ, ಪರೀಕ್ಷೆಗೆ (ಟ್ರೈನ್-ಟೆಸ್ಟ್) ಎಂದು ಬೇರೆ ಮಾಡುವ ಮೊದಲೇ ಅಂಕಿಗಳನ್ನು ಒಂದೇ ಅಳತೆಗೆ ತರುವ ಸ್ಟ್ಯಾಂಡರ್ಡ್ ಸ್ಕೇಲರ್, ಅದಕ್ಕೂ ಮೊದಲೇ ಕಡಿಮೆ ಇರುವ ಗುಂಪಿಗೆ ಕೃತಕ ಸಾಲು ಸೇರಿಸುವ ಸ್ಮೋಟ್, ರೋಗ ಪತ್ತೆಯಾದ ಮೇಲಷ್ಟೇ ತುಂಬುವ ಒಂದು ಕಾಲಂ. ಅಭ್ಯರ್ಥಿ ಮಾಡೆಲ್ ಓಡಿಸಿ ಶೇ 95ಕ್ಕಿಂತ ಹೆಚ್ಚು ಅಕ್ಯುರಸಿ ಬಂತೆಂದು ನಕ್ಕರೆ ಅಲ್ಲಿಗೆ ಮುಗಿಯಿತು. ಮೂಲ ಸಿಎಸ್‌ವಿಯಲ್ಲಿ ಯಾರಿಗೂ ಕಾಯಿಲೆ ಇಲ್ಲ ಎಂದು ಕಣ್ಣುಮುಚ್ಚಿ ಹೇಳಿದರೂ ಶೇ 95 ಬರುತ್ತದೆ. ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ (ಸರಿ-ತಪ್ಪುಗಳ ಕೋಷ್ಟಕ) ತೆಗೆದು ರಿಕಾಲ್, ಅಂದರೆ ಕಾಯಿಲೆ ಇರುವವರಲ್ಲಿ ಎಷ್ಟು ಜನ ಸಿಕ್ಕಿಬಿದ್ದರು ಎಂದು ನೋಡಬೇಕು, ಉತ್ತರವನ್ನು ಮೊದಲೇ ಬಿಟ್ಟುಕೊಡುವ ಸೋರಿಕೆಯ ಕಾಲಂ ಪತ್ತೆಹಚ್ಚಬೇಕು. ಚಾಟ್‌ಜಿಪಿಟಿ ಬಳಸಬೇಡಿ ಎಂದು ಕಾವಲು ಕಾಯುವುದು ವ್ಯರ್ಥ. ಬಳಸಲಿ, ಆಮೇಲೆ ಯಾವ ಸಾಲು ಯಾಕೆ ಬದಲಾಯಿತು ಎಂದು ಬಾಯಿಬಿಟ್ಟು ಹೇಳಲಿ.

ಕಾಗದಪತ್ರದ ವಿಷಯಕ್ಕೆ ಬಂದರೆ, 'ವೆರಿಫೈಡ್' ಎಂಬ ಸೀಲಿನ ಅರ್ಥ ಝೆರಾಕ್ಸ್ ನೋಡಿದ್ದೇವೆ ಎಂಬಷ್ಟೇ. ಪದವಿಯನ್ನು ಡಿಜಿಲಾಕರ್‌ನಲ್ಲಿ, ಪಿಎಚ್‌.ಡಿ. ಪ್ರಬಂಧವನ್ನು ದೇಶದ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ ಶೋಧಗಂಗಾದಲ್ಲಿ ನೋಡಬೇಕು. ಶೋಧಗಂಗಾದಲ್ಲಿ ಇಲ್ಲದ ಮಾತ್ರಕ್ಕೆ ಖೋಟಾ ಎನ್ನಲಾಗದು, ಆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಪತ್ರ ಬರೆದು ಕೇಳಬೇಕು. ಅನುಭವ ಪತ್ರಕ್ಕಿಂತ ಫಾರಂ 16 ಮತ್ತು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ನಂಬಿಕಸ್ಥ. ಒರಿಜಿನಲ್ ಅಂಕಪಟ್ಟಿ ನೋಡಿ ಅಲ್ಲೇ ಹಿಂದಿರುಗಿಸಿ. ಬೀರುವಿನಲ್ಲಿ ಬೀಗ ಹಾಕಿಟ್ಟುಕೊಳ್ಳುವ ಚಾಳಿ ಇರುವ ಕಾಲೇಜಿಗೆ ಒಳ್ಳೆಯವರು ಎರಡನೇ ಸಲ ಫೋನ್ ಎತ್ತುವುದಿಲ್ಲ.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಐಟಿ ಕಂಪನಿಗಳಲ್ಲಿ ಪಳಗಿದವರನ್ನು 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂದು ಏಜೆನ್ಸಿ ತರುವುದುಂಟು. ಒಳ್ಳೆಯ ಕೆಲಸವೇ. ಯುಜಿಸಿಯ 2022ರ ಮಾರ್ಗಸೂಚಿಯಂತೆ 15 ವರ್ಷದ ವೃತ್ತಿ ಅನುಭವ ಸಾಕು, ಪಿಎಚ್‌.ಡಿ. ಕಡ್ಡಾಯವಲ್ಲ. ಆದರೆ ಈ ಹುದ್ದೆ ಮಂಜೂರಾದ ಹುದ್ದೆಗಳ ಹೊರಗಿನದು, ಅವುಗಳ ಶೇ 10 ಮೀರುವಂತಿಲ್ಲ. ಮೂರು ವರ್ಷ, ತೀರ ಅಪರೂಪಕ್ಕೆ ಇನ್ನೊಂದು ವರ್ಷ, ಅಷ್ಟೆ. ಇವರನ್ನು ತೋರಿಸಿ ಶ್ರೇಣಿ ಲೆಕ್ಕದ ಪ್ರೊಫೆಸರ್ ಜಾಗ ತುಂಬಿಸಿಕೊಡುತ್ತೇವೆ ಎಂದು ಏಜೆನ್ಸಿ ಹೇಳಿದರೆ ನಂಬಬೇಡಿ.

ಗ್ಯಾರಂಟಿ ಷರತ್ತಿನಲ್ಲಿ ಎರಡು ಕೊಕ್ಕೆ. ಬಿಟ್ಟುಹೋದರೆ ಬದಲಿ ಕೊಡುವ ಅವಧಿ ಸಾಮಾನ್ಯವಾಗಿ 90 ದಿನ. ಸೆಮಿಸ್ಟರ್ 16 ವಾರ ಎಂದರೂ 112 ದಿನ, ನಡುವೆ ಬಿಟ್ಟುಹೋದವರ ಬಾಬ್ತು ಯಾರದೂ ಅಲ್ಲ. 180 ದಿನ ಕೇಳಿ. ಇನ್ನೊಂದು, ಅವರೇ ಬಿಟ್ಟುಹೋದರೆ ಮಾತ್ರ ಬದಲಿ, ಪಾಠ ಬರುವುದಿಲ್ಲ ಎಂದು ಕಾಲೇಜು ಕಳಿಸಿದರೆ ಇಲ್ಲ. ಅದನ್ನೂ ಸೇರಿಸಿ ಬರೆಸಿ. ಶುಲ್ಕದ ಅರ್ಧ ಸೇರಿದ ದಿನ, ಉಳಿದರ್ಧ ಸೆಮಿಸ್ಟರ್ ಮುಗಿದ ಮೇಲೆ ಎಂದರೆ ಎರಡೂ ಕಡೆಗೆ ನ್ಯಾಯ. ಐಟಿಯಿಂದ ಬರುವವರ ನೋಟಿಸ್ ಪೀರಿಯಡ್ ಬಹಳ ಕಡೆ ಮೂರು ತಿಂಗಳು. ಜುಲೈನಲ್ಲಿ ಆರ್ಡರ್ ಕೊಟ್ಟರೆ ಅವರು ಕ್ಲಾಸಿಗೆ ಬರುವುದು ಅಕ್ಟೋಬರ್‌ನಲ್ಲಿ, ಅರ್ಧ ಪೋರ್ಷನ್ ಮುಗಿದ ಮೇಲೆ. ಫೆಬ್ರವರಿಯಲ್ಲೇ ಏಜೆನ್ಸಿಗೆ ಹೇಳಿಡಬೇಕು.

ಮಂಡ್ಯದ ಕಾಲೇಜುಗಳಿಗೆ ಒಂದು ಮಾತು. ಬೆಂಗಳೂರಿನ ಅಭ್ಯರ್ಥಿಗೆ 'ಎಕ್ಸ್‌ಪ್ರೆಸ್ ಹೈವೇ ಇದೆ ಸರ್, ಆರಾಮಾಗಿ ಓಡಾಡಬಹುದು' ಎನ್ನುತ್ತಾರೆ. ಹೋಗಿಬರಲು ಸುಮಾರು 200 ಕಿಲೋಮೀಟರ್, ದಿನಾ ಟೋಲ್, ಪೆಟ್ರೋಲ್. ಮೂರನೇ ತಿಂಗಳಿಗೆ ರಾಜೀನಾಮೆ. ಮೈಸೂರಿನಿಂದಾದರೆ ಒಂದು ಕಡೆಗೆ ಸುಮಾರು 45 ಕಿಲೋಮೀಟರ್, ರೈಲೂ ಇದೆ. ಏಜೆನ್ಸಿಯ ಪಟ್ಟಿಯಲ್ಲಿ ವಿಳಾಸದ ಕಾಲಂ ಇಲ್ಲದಿದ್ದರೆ ಹಾಕಿಸಿ.

ಏಜೆನ್ಸಿ ಅಭ್ಯರ್ಥಿಗೆ ಕೊಡುವ ಮಾಹಿತಿ ಪುಟದಲ್ಲಿ 'ಸುಸಜ್ಜಿತ ಜಿಪಿಯು ಲ್ಯಾಬ್' (ಜಿಪಿಯು ಅಂದರೆ ಎಐ ಲೆಕ್ಕಗಳನ್ನು ವೇಗವಾಗಿ ಮಾಡುವ ಕಾರ್ಡು) ಎಂದಿರುತ್ತದೆ. ವಿಷಯ ಬಲ್ಲವರು ಮೊದಲು ಕೇಳುವುದು ಅದನ್ನೇ: ಯಾವ ಕಾರ್ಡು, ಮೆಮೊರಿ ಎಷ್ಟು ಜಿಬಿ, ಎಷ್ಟು ಜನಕ್ಕೆ ಒಂದು? ಗೂಗಲ್‌ನ ಆನ್‌ಲೈನ್ ನೋಟ್‌ಬುಕ್ ಸೇವೆ ಕೋಲ್ಯಾಬ್‌ನಲ್ಲಿ ಉಚಿತವಾಗಿಯೇ 16 ಜಿಬಿಯ ಟಿ4 ಕಾರ್ಡು ಸಿಗುತ್ತದೆ, ಅದಕ್ಕಿಂತ ಕಡಿಮೆಯದನ್ನು ತೋರಿಸಿ ಹೊಗಳಿಕೊಂಡರೆ ಮುಖದ ಮೇಲೆ ನಗದಿದ್ದರೂ ಮನೆಗೆ ಹೋಗಿ ನಗುತ್ತಾರೆ. ವಾರಕ್ಕೆ ಎಷ್ಟು ಗಂಟೆ ಪಾಠ ಎಂಬುದು ಎರಡನೇ ಪ್ರಶ್ನೆ. ಯುಜಿಸಿ ಲೆಕ್ಕ ಅಸಿಸ್ಟೆಂಟ್‌ಗೆ 16, ಮೇಲಿನವರಿಗೆ 14. ಆ ಪುಟ ಅಚ್ಚಿಗೆ ಹೋಗುವ ಮೊದಲು ಎಚ್‌ಒಡಿ ಒಮ್ಮೆ ಓದಲಿ, ಸಂದರ್ಶನದ ದಿನ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಎಂದೂ ವಿಚಾರಿಸಿಟ್ಟುಕೊಳ್ಳಲಿ.